ಹಕ್ಕಿಯನ್ನು ಎಬ್ಬಿಸಬೇಡಿ, ಗಾಳಿ ನೋಡಿ ನಿಲ್ಲಿ

ಗೂಡು ಕಟ್ಟಿದ ಮರದ ಕೆಳಗೆ ಚಪ್ಪಾಳೆ ಹೊಡೆದು, ಕಲ್ಲು ಬೀರಿ, ಹಕ್ಕಿ ಎಬ್ಬಿಸಿ ತೆಗೆದ ಫೋಟೋ ನೋಡಿದ ತಕ್ಷಣ ಗೊತ್ತಾಗಿಬಿಡುತ್ತೆ. ಬಾಲ, ಕಾಲು, ರೆಕ್ಕೆಯ ಹಿಂಬದಿ ಇಷ್ಟೇ. ಕಣ್ಣು ಕಾಣಲ್ಲ. ಹೆದರಿದ ಹಕ್ಕಿ ನಮ್ಮಿಂದ ದೂರಕ್ಕೆ ಹಾರುತ್ತೆಯೇ ಹೊರತು ಕ್ಯಾಮೆರಾ ಕಡೆಗೆ ಬರಲ್ಲ. ಹಕ್ಕಿಗೂ ಅನ್ಯಾಯ, ಫೋಟೋನೂ ದಂಡ.

ಶಿರಾ ತಾಲ್ಲೂಕಿನ ಕಗ್ಗಲಡುವನ್ನೇ ತೆಗೆದುಕೊಳ್ಳಿ. ಬಣ್ಣದ ಕೊಕ್ಕರೆ, ಬೂದು ಬಕ ಎರಡೂ ಊರಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಿಸಿಲೇರಿದಾಗ ದೊಡ್ಡ ಕೊಕ್ಕರೆ ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಅರ್ಧ ಬಿಚ್ಚಿ, ಮರಿಗಳ ಮೇಲೆ ನೆರಳು ಹಿಡಿದು ನಿಂತಿರೋದನ್ನು ಗಮನಿಸಿ. ಮರಿಗಳ ಮೈಮೇಲೆ ಬಿಳಿ ತುಪ್ಪುಳ ಬಿಟ್ಟರೆ ಬೇರೇನಿಲ್ಲ. ಆ ನೆರಳನ್ನು ಎಬ್ಬಿಸಿ ಓಡಿಸಿದರೆ ಮರಿ ಬೇಯುತ್ತೆ, ಮೊಟ್ಟೆ ಇದ್ದರೆ ಕಾಗೆ ಎತ್ತಿಕೊಂಡು ಹೋಗುತ್ತೆ. ಗಾಬರಿಯಲ್ಲಿ ಕೆಳಗೆ ಬಿದ್ದ ಮರಿಗೆ ಯಾವ ಕೊಕ್ಕರೆಯೂ ನೆಲಕ್ಕಿಳಿದು ಉಣಿಸಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡೋದನ್ನೂ ಬೇಟೆ ಅಂತಲೇ ಲೆಕ್ಕ ಹಾಕುತ್ತೆ. ಊರಿನವರು ಈ ಹಕ್ಕಿಗಳನ್ನು ತಮ್ಮವು ಅಂತ ಕಾಪಾಡಿಕೊಂಡು ಬಂದಿದ್ದಾರೆ. ಹೋದ ಕೂಡಲೇ "ಅಣ್ಣಾ, ಎಲ್ಲಿ ನಿಂತ್ಕೊಂಡ್ರೆ ಹಕ್ಕಿಗೆ ತೊಂದ್ರೆ ಆಗಲ್ಲ?" ಅಂತ ಕೇಳಿ. ಅವರು ತೋರಿಸುವ ಜಾಗ ನಾವು ಹುಡುಕಿಕೊಳ್ಳುವ ಜಾಗಕ್ಕಿಂತ ಚೆನ್ನಾಗಿರುತ್ತೆ.

ಹಾಗಾದರೆ ಹಕ್ಕಿ ಎದುರಿಗೆ ಬರೋದು ಹೇಗೆ? ಗಾಳಿ ನೋಡಿ. ದೊಡ್ಡ ಹಕ್ಕಿ ಮೇಲೇಳೋದೂ ಇಳಿಯೋದೂ ಗಾಳಿಗೆ ಎದುರಾಗಿಯೇ. ಅಂದರೆ ಗಾಳಿ ನಿಮ್ಮ ಬೆನ್ನಿಗೆ ಬಡಿಯುತ್ತಿದ್ದರೆ ಇಳಿಯುವ ಕೊಕ್ಕರೆಯ ಮುಖ ನಿಮ್ಮ ಕಡೆಗಿರುತ್ತೆ. ಸೂರ್ಯನೂ ಬೆನ್ನ ಹಿಂದೆ ಇದ್ದರೆ ಕಣ್ಣಲ್ಲಿ ಬೆಳಕಿನ ಚುಕ್ಕಿ ಬೀಳುತ್ತೆ. ನಮ್ಮ ಬಯಲುಸೀಮೆಯಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣದ್ದು. ಆಗ ಬೆಳಗ್ಗೆ ಮರದ ಮೂಡಣ ದಿಕ್ಕಿಗೆ ನಿಂತರೆ ಗಾಳಿ, ಬೆಳಕು ಎರಡೂ ಕೂಡಿ ಬರುತ್ತೆ. ಜೂನ್ ಮೇಲೆ ಪಡುವಣ ಗಾಳಿ ಜೋರು. ಅದೇ ಜಾಗಕ್ಕೆ ಬೆಳಗ್ಗೆ ಹೋದರೆ ಬೆಳಕು ಸಿಗುತ್ತೆ, ಹಕ್ಕಿಯ ಬೆನ್ನು ಮಾತ್ರ ಕಾಣುತ್ತೆ. ಆಷಾಢದಲ್ಲಿ ಸಂಜೆ ನಾಲ್ಕರ ಮೇಲೆ ಪಡುವಣಕ್ಕೆ ನಿಲ್ಲೋದೇ ಸರಿ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಇದೊಂದು ತಪ್ಪಿದರೆ ಫೋಟೋ ಸಿಗಲ್ಲ, ಹಾಗಾಗಿಯೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೂತ ಹಕ್ಕಿ ಹಾರುವ ಮುಂಚೆ ಹೇಳಿಯೇ ಹಾರುತ್ತೆ. ಮೈ ಕೊಡವುತ್ತೆ, ಹಿಕ್ಕೆ ಹಾಕುತ್ತೆ, ಗಾಳಿ ಕಡೆ ತಿರುಗುತ್ತೆ, ಮೊಣಕಾಲು ಮಡಿಸಿ ಮುಂದಕ್ಕೆ ಬಾಗುತ್ತೆ. ಹಿಕ್ಕೆ ಹಾಕಿದ್ದು ಕಂಡ ಕೂಡಲೇ ಬೆರಳು ಬಟನ್ ಮೇಲಿರಲಿ.

ಇನ್ನು ಕ್ಯಾಮೆರಾ. ಆಟೋ ಎಕ್ಸ್‌ಪೋಷರ್ (ಬೆಳಕಿನ ಲೆಕ್ಕವನ್ನು ಕ್ಯಾಮೆರಾಗೇ ಬಿಡೋದು) ಇಲ್ಲಿ ಕೈ ಕೊಡುತ್ತೆ. ಬಿಳಿ ಮೋಡದ ಮುಂದೆ ಹಕ್ಕಿ ಮಸಿಯಾಗುತ್ತೆ, ಅದೇ ಹಕ್ಕಿ ಹುಣಸೆ ಮರದ ಕಪ್ಪು ನೆರಳಿನ ಮುಂದೆ ಬಂದಾಗ ಬಿಳಿ ಗರಿಯ ವಿವರವೆಲ್ಲ ಸುಟ್ಟುಹೋಗುತ್ತೆ. ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಒಂದೇ ಅಲ್ಲವೇ? ಅದಕ್ಕೇ ಪೂರ್ತಿ ಮ್ಯಾನ್ಯುಯಲ್‌ಗೆ ಹಾಕಿ, ಆಟೋ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಬದಲಿಸೋದು) ಕೂಡ ಆಫ್ ಮಾಡಿ. ಅದೇ ಬಿಸಿಲಲ್ಲಿ ಕೂತಿರುವ ಒಂದು ಬಿಳಿ ಹಕ್ಕಿಯ ಫೋಟೋ ತೆಗೆದು, ಪರದೆಯಲ್ಲಿ ಬಿಳಿ ಗರಿ ಮಿನುಗಿ ಬೆಳಕು ಹೆಚ್ಚಾಯಿತು ಅನ್ನುವ ಎಚ್ಚರಿಕೆ ಬಂದರೆ ಅದು ನಿಲ್ಲುವವರೆಗೆ ಎಕ್ಸ್‌ಪೋಷರ್ ಇಳಿಸುತ್ತಾ ಬನ್ನಿ. ಬೆಳಗ್ಗೆ ಎಂಟೂವರೆಯ ಶುಭ್ರ ಬಿಸಿಲಿಗೆ ಅಪರ್ಚರ್ ಎಫ್/7.1, ಶಟರ್ ವೇಗ ಸೆಕೆಂಡಿನ 1/1600, ಐಎಸ್‌ಒ 500ರ ಸುತ್ತಮುತ್ತ ಶುರು ಮಾಡಬಹುದು. ಮೋಡ ಬಂದರೆ ಐಎಸ್‌ಒ ಏರಿಸಿ, ಶಟರ್ ವೇಗ ಇಳಿಸಬೇಡಿ. ಕೊಕ್ಕರೆಗೆ 1/1250 ಸಾಕು, ಕಳ್ಳಿಪೀರದಂಥ ಪುಟ್ಟ ಚುರುಕು ಹಕ್ಕಿಗೆ 1/3200 ಬೇಕಾಗುತ್ತೆ. ಮಿರರ್‌ಲೆಸ್ ಇರುವವರು ಒಂದು ವಿಷಯ ಗಮನಿಸಿ: ಸೆನ್ಸರ್ ಚಿತ್ರವನ್ನು ನಿಧಾನವಾಗಿ ಓದುವಂಥದ್ದಾಗಿದ್ದರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತೆ. ಮೆಕ್ಯಾನಿಕಲ್‌ಗೆ ಬದಲಾಯಿಸಿಕೊಳ್ಳಿ.

ಫೋಕಸ್ ನಿರಂತರ ಮೋಡ್‌ನಲ್ಲಿರಲಿ. ಒಂಟಿ ಪಾಯಿಂಟ್ ಬೇಡ, ಮಧ್ಯದ ಸಣ್ಣ ಗುಂಪು ಸಾಕು. ಇಡೀ ಫ್ರೇಮ್ ಬಿಟ್ಟುಕೊಟ್ಟರೆ ಕೊಂಬೆಗೆ ಹೋಗಿ ಅಂಟಿಕೊಳ್ಳುತ್ತೆ. ಲೆನ್ಸಿನ ಮೇಲಿನ ಲಿಮಿಟರ್ ಸ್ವಿಚ್ಚನ್ನು (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕೋದು) ದೂರಕ್ಕೆ ಇಟ್ಟರೆ ತಡಕಾಡೋದು ಕಡಿಮೆಯಾಗುತ್ತೆ. ಜೂಮ್ ಇದ್ದರೆ ಮೊದಲು 300 ಎಂಎಂನಲ್ಲಿ ಹಕ್ಕಿಯನ್ನು ಹಿಡಿದು ಆಮೇಲೆ ಜೂಮ್ ಹೆಚ್ಚಿಸಿ, ಆದರೆ ಫ್ರೇಮ್ ತುಂಬಬೇಡಿ. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್. ತುದಿ ಕತ್ತರಿಸಿಹೋದರೆ ಯಾವ ಸಾಫ್ಟ್‌ವೇರೂ ತಂದುಕೊಡಲ್ಲ.

ನಿಲ್ಲುವ ಭಂಗಿ ಬಹಳ ಜನ ಗಮನಿಸದ ವಿಷಯ. ಪಾದಗಳು ಹಕ್ಕಿ ಈಗಿರುವ ಕಡೆಗಲ್ಲ, ನೀವು ಕ್ಲಿಕ್ ಮಾಡಬೇಕಾದ ಕಡೆಗಿರಲಿ. ಸೊಂಟದಿಂದ ಮೇಲೆ ಮಾತ್ರ ಹಕ್ಕಿ ಕಡೆ ತಿರುಗಿ, ಅದು ಬರುತ್ತಾ ಇದ್ದಂತೆ ಮೈ ಬಿಚ್ಚಿಕೊಳ್ಳಲಿ. ಮೊಣಕೈ ಪಕ್ಕೆಗೆ ಒತ್ತಿರಲಿ, ಎಡಗೈ ಲೆನ್ಸಿನ ಕೆಳಗೆ. ನಾಲ್ಕೈದು ಫ್ರೇಮಿನ ಚಿಕ್ಕ ಬರ್ಸ್ಟ್ ಸಾಕು, ಉದ್ದಕ್ಕೆ ಒತ್ತಿ ಹಿಡಿದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ, ಇಳಿಯುವ ಹೊತ್ತಿಗೆ ಕ್ಯಾಮೆರಾ ನಿಂತುಬಿಡುತ್ತೆ. ಕ್ಲಿಕ್ ಆದ ಮೇಲೂ ಕೈ ತಿರುಗುತ್ತಲೇ ಇರಬೇಕು.

ಕೆಳಗಿನಿಂದ ಹೊಟ್ಟೆಯಷ್ಟೇ ಕಾಣುವ ಫೋಟೋ ತೆಗೆದು ಬೇಸರವಾಗಿದ್ದರೆ ನಂದಿಬೆಟ್ಟಕ್ಕೋ ದೇವರಾಯನದುರ್ಗಕ್ಕೋ ಹೋಗಿ. ಬಂಡೆ ಕಾದು ಬಿಸಿಗಾಳಿ ಏಳಲು ಶುರುವಾದಾಗ ಹದ್ದುಗಳು ಬೆಟ್ಟದ ಮಗ್ಗುಲಲ್ಲಿ ಸುತ್ತುತ್ತಾ ಮೇಲೇರುತ್ತವೆ. ನೋಡುವ ಸ್ಥಳದಲ್ಲಿ ಕಂಬಿಯ ಒಳಗೇ ನಿಂತರೆ ಅವು ಕಣ್ಣಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಹಾಯುತ್ತವೆ. ರೆಕ್ಕೆಯ ಮೇಲ್ಭಾಗ ಸಿಗೋದು ಅಲ್ಲಿಯೇ. ಆದರೆ ಅದೇ ಬಿಸಿಗಾಳಿ ದೂರದ ಫೋಟೋವನ್ನು ಕೆಡಿಸುತ್ತೆ. ಹತ್ತು ಗಂಟೆ ಮೇಲೆ ನೂರು ಮೀಟರ್ ಆಚೆಯ ಹಕ್ಕಿ ಮಸುಕಾಗಿ ಬಂದರೆ ಲೆನ್ಸ್ ಬೈಯಬೇಡಿ, ಹತ್ತಿರ ಬಂದದ್ದನ್ನು ಮಾತ್ರ ತೆಗೆಯಿರಿ.

ಹೊಸಬರು ಕೊಕ್ಕರೆಯಿಂದಲೂ ಶುರು ಮಾಡಬೇಕಾಗಿಲ್ಲ. ಮಾಂಸದಂಗಡಿ ಸುತ್ತ ಸುಳಿದಾಡುವ ಹದ್ದೇ ಒಳ್ಳೆ ಪಾಠ. ಕೋಲಾರದ ಕಡೆಯವರಿಗಂತೂ 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಸಂಸ್ಕರಿಸಿ ಬಿಡುವ ಕೊಳಚೆ ನೀರು) ಹರಿದ ಮೇಲೆ ತುಂಬಿದ ಕೆರೆಗಳು ಹತ್ತಿರದಲ್ಲೇ ಇವೆ. ಅಂಥ ಕಡೆ ಕಪ್ಪು ಬಿಳುಪು ಮಿಂಚುಳ್ಳಿ ಕಂಡರೆ ಬಿಡಬೇಡಿ. ಮೀನು ಹುಡುಕುತ್ತಾ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತಿರುತ್ತೆ, ಫೋಕಸ್ ಕೂರಿಸಲು ಕೆಲವು ಸೆಕೆಂಡಾದರೂ ಸಿಗುತ್ತೆ. ಏರಿಯ ಮೇಲೆ ನಿಲ್ಲದೆ ಕೆಳಗಿಳಿದು ಕೂತರೆ ಹಿನ್ನೆಲೆಗೆ ಆಚೆ ದಡದ ಹಸಿರು ಬರುತ್ತೆ.