ತುಟ್ಟಿ ಗ್ರಾಹಕರೇ, ನಿಮ್ಮ ಕಿಮ್ಮತ್ತು ಎಷ್ಟು?

ನಮ್ಮ ಕಾಕಾ ಮೊನ್ನೆ ರಿಟೈರ್ ಆದರು. ಕಲಬುರಗಿಯ ಒಂದು ಖಾಸಗಿ ಕಾಲೇಜಿನ ಗೇಟಿನಲ್ಲಿ 28 ವರ್ಷ ಕೂತವರು. ಬೀಳ್ಕೊಡುಗೆಗೆ ಒಂದು ಶಾಲು, ಒಂದು ಹಾರ, ಚೌಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ. ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಪ್ರಮಾಣಪತ್ರದ ತುಂಬ ಇಂಗ್ಲಿಷು. ಮನೆಗೆ ತಂದು ನನ್ನ ಕೈಗೆ ಕೊಟ್ಟರು.

"ಓದು ತಮ್ಮಾ, ಏನ್ ಬರ್ದಾರ?"

"ಇನ್‌ವ್ಯಾಲ್ಯುಬಲ್ ಸರ್ವಿಸ್ ಅಂತ ಬರ್ದಾರ ಕಾಕಾ."

"ವ್ಯಾಲ್ಯೂ ಅಂದ್ರ ಕಿಮ್ಮತ್ತು. ಮುಂದ 'ಇನ್' ಹಚ್ಚಿದ್ರ ಉಲ್ಟಾ ಆಗ್ತದಲ್ಲ? ನಿನ್ನ ಗಾಡಿ ಇನ್ಶೂರೆನ್ಸ್ ಇನ್‌ವ್ಯಾಲಿಡ್ ಅಂತ ಪೊಲೀಸ್ರು ದಂಡ ಹಾಕಿದ್ರಲ್ಲ, ಹಂಗ."

ಗೊತ್ತಿಲ್ಲದೆಯೇ ಕಾಕಾ ಬೇರಿಗೇ ಕೈ ಹಾಕಿದ್ದರು. ವ್ಯಾಲ್ಯೂ, ವ್ಯಾಲಿಡ್ ಎರಡೂ ಒಂದೇ ಲ್ಯಾಟಿನ್ ಪದದಿಂದ ಬಂದವು. ಗಟ್ಟಿಮುಟ್ಟಾಗಿರು ಅಂತ ಅದರ ಅರ್ಥ. ಒಂದಕ್ಕೆ 'ಇನ್' ಹಚ್ಚಿದರೆ ದಂಡ, ಇನ್ನೊಂದಕ್ಕೆ ಹಚ್ಚಿದರೆ ಶಾಲು. ಇಂಗ್ಲಿಷಿನವರು ಯಾವುದಕ್ಕೂ ಉತ್ತರ ಕೊಡುವ ಪೈಕಿ ಅಲ್ಲ, ಬಿಡಿ.

ಇದು ಬೈಗುಳ ಅಲ್ಲ, ನಮ್ಮ 'ಅಮೂಲ್ಯ' ಇದ್ದ ಹಾಗೆ, ಬೆಲೆ ಕಟ್ಟಲಾಗದ ಸೇವೆ ಅಂತ ಅರ್ಥ ಎಂದು ತಿಳಿಸಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಕಟ್ಟಾಕ ಆಗಂಗಿಲ್ಲ ಅಂತಾನೇ ನನ್ನ ಪಿಎಫ್ ಕಟ್ಟಿಲ್ಲೇನು?"

ಇದಕ್ಕೆ ನನ್ನ ಹತ್ತಿರ ವ್ಯಾಕರಣ ಇರಲಿಲ್ಲ. ಆ ದಿನ ವೇದಿಕೆಯಲ್ಲಿ ಕಾಲೇಜಿನವರು "ವಿ ಅಪ್ರಿಶಿಯೇಟ್" ಅಂತ ನಾಲ್ಕು ಸಲವಾದರೂ ಅಂದಿದ್ದರು. ಮೂಲದಲ್ಲಿ ಅಪ್ರಿಶಿಯೇಟ್ ಅಂದರೆ ಬೆಲೆ ಕಟ್ಟು ಅಂತಲೇ. ಬೆಲೆ ಅನ್ನುವ ಪ್ರೈಸ್, ಹೊಗಳಿಕೆ ಅನ್ನುವ ಪ್ರೇಸ್ ಎರಡೂ ಒಂದೇ ತಾಯಿಯ ಮಕ್ಕಳು. ಪಾಲಿನಲ್ಲಿ ಒಂದು ಮಾಲೀಕರ ಕಡೆ ಉಳಿಯಿತು, ಇನ್ನೊಂದು ಕಾಕಾಗೆ ಬಂತು.

'ಲೆಸ್' ಕಥೆಯೂ ಹಾಗೇ. ವರ್ತ್‌ಲೆಸ್ ಅಂದರೆ ಕಸ. ಪ್ರೈಸ್‌ಲೆಸ್ ಅಂದರೆ ತಲೆ ಮೇಲೆ ಹೊತ್ತು ಮೆರೆಸುವ ವಸ್ತು. ಆದರೆ ನಮ್ಮ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಯಾರಾದರೂ "ಈ ಸಲ ತೊಗರಿಗೆ ಬೆಲೆ ಇಲ್ಲ" ಅಂದರೆ ಯಾವ ರೈತನೂ ಮೆರವಣಿಗೆ ತೆಗೆಯುವುದಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಅಂತ ಕೇಂದ್ರ ಸರ್ಕಾರ ಹೇಳಿತು. ಅಡತಿ ಅಂಗಡಿಯವರು ಮಾತ್ರ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು, ಊದಿ, ಹಲ್ಲಿನಲ್ಲಿ ಕಡಿದು ನೋಡಿ, "ಹಸಿ ಅದ ಕಾಕಾ" ಅನ್ನುತ್ತಾರೆ. ಟ್ಯಾಗ್ ಕಡಿದು ನೋಡಿದವರನ್ನು ನಾನಂತೂ ಕಂಡಿಲ್ಲ.

ಅದೇ ತೊಗರಿ ಬೇಳೆಯಾಗಿ, ಪ್ಯಾಕೆಟ್ ಸೇರಿ, ಎಸಿ ಅಂಗಡಿಗೆ ಬಂದಾಗ ನೋಡಿ. 'ಪ್ರೀಮಿಯಂ ಅನ್‌ಪಾಲಿಶ್ಡ್'. ಪಾಲಿಶ್ ಮಾಡದೆ ಬಿಟ್ಟಿದ್ದಕ್ಕೆ ಜಾಸ್ತಿ ದುಡ್ಡು! ಕೆಲಸ ಮಾಡದಿದ್ದಕ್ಕೆ ಹೆಚ್ಚಿಗೆ ಕೊಡುವ ಪದ್ಧತಿ ಕೆಲವು ಕಚೇರಿಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. ಜೋಳಕ್ಕೂ ಹೀಗೇ ಯೋಗ ಕೂಡಿಬಂತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದಿದ್ದೇ ತಡ, ನಮ್ಮ ರೊಟ್ಟಿ ರಾತ್ರೋರಾತ್ರಿ 'ಮಿಲೆಟ್ ಫ್ಲ್ಯಾಟ್‌ಬ್ರೆಡ್' ಆಯಿತು. ಬಡಿಯುವ ಅವ್ವನ ಕೂಲಿ ಕನ್ನಡದಲ್ಲೇ ಉಳಿಯಿತು.

ಇನ್ನು 'ಚೀಪ್'. ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಅದು ಬರೀ ವ್ಯಾಪಾರ ಅನ್ನುವ ಪದ. ಈಗ ಬೈಗುಳ. ನಮ್ಮ ಸೋವಿಗೆ ಇನ್ನೂ ಆ ಗತಿ ಬಂದಿಲ್ಲ. ಸೀರೆ ಸೋವಿ ಸಿಕ್ಕಿತು ಅಂದರೆ ಪಕ್ಕದ ಮನೆಯವರು ಯಾವ ಅಂಗಡಿ ಅಂತ ಕೇಳುತ್ತಾರೆ. ಚೀಪ್ ಸೀರೆ ಅಂದು ನೋಡಿ, ಸೆರಗು ಮುಟ್ಟಿ ನೋಡಿ ಸುಮ್ಮನಾಗುತ್ತಾರೆ.

ಇಷ್ಟೆಲ್ಲ ಮಾತಾಡುವಾಗಲೇ ಕಾಕಾ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. 'ಡಿಯರ್ ವ್ಯಾಲ್ಯೂಡ್ ಕಸ್ಟಮರ್'. ಕೆಳಗೆ, ಖಾತೆಯಲ್ಲಿ ಇರಬೇಕಾದಷ್ಟು ಹಣ ಇಲ್ಲ, ಅದಕ್ಕೆ ಇಷ್ಟು ಕತ್ತರಿಸಿದ್ದೇವೆ ಅನ್ನುವ ಶುಭಸುದ್ದಿ. ಡಿಯರ್ ಅಂದರೆ ಏನು ಅಂತ ಕಾಕಾ ಕೇಳಿದರು. ಪ್ರೀತಿಯವರು ಅಂತಲೂ ಹೌದು, ತುಟ್ಟಿ ಅಂತಲೂ ಹೌದು. ಡಿಯರ್‌ನೆಸ್ ಅಲೊವನ್ಸ್ ಅನ್ನೇ ಅಲ್ವಾ ನಾವು ತುಟ್ಟಿ ಭತ್ಯೆ ಅನ್ನೋದು?

"ಹಂಗಾದ್ರ ಭತ್ಯೆ ಸರ್ಕಾರಿ ನೌಕರರಿಗೆ, ತುಟ್ಟಿ ಅಷ್ಟೇ ನಮಗ" ಅಂದರು ಕಾಕಾ.

ಆಮೇಲೆ ಪ್ರಮಾಣಪತ್ರವನ್ನು ತಿರುಗಿಸಿ, ಹಿಂದಿನ ಹಲಗೆ ಬಡಿದು ನೋಡಿದರು. "ಫ್ರೇಮ್ ಗಟ್ಟಿ ಅದ ನೋಡು."

ಈಗ ಆ ಚೌಕಟ್ಟಿನಲ್ಲಿ ಶರಣಬಸವೇಶ್ವರರು ಕೂತಿದ್ದಾರೆ. ಫೋಟೊ ಸ್ವಲ್ಪ ತೆಳುವಾಗಿತ್ತು, ಅಲ್ಲಾಡುತ್ತಿತ್ತು. ಅದಕ್ಕೆ ಇನ್‌ವ್ಯಾಲ್ಯುಬಲ್ ಸರ್ವಿಸನ್ನು ನಾಲ್ಕು ಮಡಿಕೆ ಮಾಡಿ ಹಿಂದೆ ತುರುಕಿದ್ದಾರೆ.