ಅಮ್ಮಾ, ಅಳಬೇಡ

ಮೊದಲ ಸಲ ಆ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆಂದು ಬರೆದ ಪಾಶ್ಚಾತ್ಯ ಸಂಗೀತ, ಹಾಕಿದಾಗ ಫೋನ್ ಕೆಟ್ಟಿದೆ ಅಂದುಕೊಂಡೆ. ಅರ್ಧ ನಿಮಿಷ ಆದರೂ ಸದ್ದೇ ಇಲ್ಲ. ವಾಲ್ಯೂಮ್ ಏರಿಸಿದೆ, ಆರಿಸಿ ಮತ್ತೆ ಹಾಕಿದೆ, ಕೊನೆಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಮೇಲೆ ಗೊತ್ತಾಯಿತು. ಅದು ಶುರುವಾಗುವುದೇ ಡಬಲ್ ಬಾಸ್‌ಗಳಿಂದ. ಆಳೆತ್ತರದ ಪಿಟೀಲಿನಂಥ ವಾದ್ಯ ಅದು, ಅದರ ತಗ್ಗಿನ ಸ್ವರ ಫೋನಿನ ಪುಟ್ಟ ಸ್ಪೀಕರಿಗೆ ನಿಲುಕುವುದೇ ಇಲ್ಲ.

ಬರೆದವರು ಪೋಲೆಂಡಿನ ಹೆನ್ರಿಕ್ ಗುರೆಟ್ಸ್ಕಿ. 1976ರಲ್ಲಿ ಬರೆದ ಮೂರನೆಯ ಸಿಂಫನಿ, ಹೆಸರು 'ಶೋಕಗೀತೆಗಳ ಸಿಂಫನಿ'. ಮೂರು ಭಾಗ, ಮೂರೂ ನಿಧಾನ, ಒಟ್ಟು 50 ನಿಮಿಷಕ್ಕೂ ಜಾಸ್ತಿ. ನನ್ನಂಥ ಚಡಪಡಿಕೆಯವನು ಇದನ್ನು ಪೂರ್ತಿ ಕೇಳಿದ್ದು ಎರಡನೆಯ ಭಾಗದಲ್ಲಿ ಹಾಡುವ ಒಂದು ಸಾಲಿಗಾಗಿ.

ಅಳಬೇಡ ಅನ್ನುವ ಮಾತನ್ನು ನಾವು ಎಷ್ಟು ಸುಮ್ನೆ ಆಡುತ್ತೇವೆ ಅಲ್ವಾ? ಬಿದ್ದ ಮಗುವಿಗೆ, ಇಂಜೆಕ್ಷನ್‌ಗೆ ಹೆದರಿದ ಮಗುವಿಗೆ. ಯಾವಾಗಲೂ ದೊಡ್ಡವರು ಚಿಕ್ಕವರಿಗೆ. ಇಲ್ಲಿ ಉಲ್ಟಾ. 1944ರಲ್ಲಿ, ಜಕೊಪಾನೆ ಎಂಬ ಬೆಟ್ಟದೂರಿನಲ್ಲಿ, ನಾಜಿಗಳ ಗೆಸ್ಟಾಪೊ ಪೊಲೀಸರು ಕೂಡಿ ಹಾಕಿದ್ದ 18 ವರ್ಷದ ಹೆಲೆನಾ ಎಂಬ ಹುಡುಗಿ ಸೆರೆಕೋಣೆಯ ಗೋಡೆಯ ಮೇಲೆ ಗೀಚಿದಳು: ಅಮ್ಮಾ, ಅಳಬೇಡ. ಆಮೇಲೆ ಮೇರಿಮಾತೆಗೆ ಒಂದು ಪ್ರಾರ್ಥನೆ, ಅಷ್ಟೇ. ಬಯ್ಗುಳ ಇಲ್ಲ, ಸೇಡಿನ ಮಾತಿಲ್ಲ. ಗುರೆಟ್ಸ್ಕಿಯವರಿಗೆ ಹಿಡಿಸಿದ್ದೂ ಇದೇ.

ಅವರ ಅಮ್ಮ ತೀರಿಕೊಂಡಿದ್ದು ಅವರ ಎರಡನೆಯ ಹುಟ್ಟುಹಬ್ಬದ ದಿನ, 1935ರ ಡಿಸೆಂಬರ್ 6ರಂದು. ಆಕೆ ಪಿಯಾನೊ ನುಡಿಸುತ್ತಿದ್ದರು. ಪಿಯಾನೊ ಮನೆಯಲ್ಲೇ ಉಳಿಯಿತು, ಆದರೆ ಹುಡುಗ ಮುಟ್ಟುವ ಹಾಗಿರಲಿಲ್ಲ, ಅಪ್ಪನಿಗೂ ಮಲತಾಯಿಗೂ ಅದು ಇಷ್ಟವಿರಲಿಲ್ಲ. ಚಿಕ್ಕಂದಿನಲ್ಲೇ ಬಿದ್ದು ಸೊಂಟದ ಕೀಲು ತಪ್ಪಿ, ಸರಿಯಾದ ಚಿಕಿತ್ಸೆ ಸಿಗದೆ, ಅದರ ನೋವು ಬೇರೆ. ಇಂಥವರಿಗೆ ಆ ಗೋಡೆಯ ಸಾಲು ಕಣ್ಣಿಗೆ ಬಿದ್ದರೆ ಬಿಡುತ್ತಾರಾ?

1977ರಲ್ಲಿ ಫ್ರಾನ್ಸಿನ ರ್ವಾಯಾಂ ಉತ್ಸವದಲ್ಲಿ ಇದನ್ನು ಮೊದಲ ಸಲ ನುಡಿಸಿದಾಗ ವಿಮರ್ಶಕರು ಮೂಗು ಮುರಿದರು. ಅದು ಹೊಸ ಸಂಗೀತದವರ ಜಾಗ. ಕರ್ಕಶ ಸ್ವರಗಳಲ್ಲಿ ಹೆಸರು ಮಾಡಿದ್ದ ಮನುಷ್ಯ ಹೀಗೆ ಜೋಗುಳದ ಹಾಗೆ ಬರೆದುಬಿಟ್ಟರೆ? 15 ವರ್ಷ ಹೆಚ್ಚುಕಡಿಮೆ ಯಾರೂ ಕೇಳಲಿಲ್ಲ. 1992ರಲ್ಲಿ ಅಮೆರಿಕದ ಗಾಯಕಿ ಡಾನ್ ಅಪ್‌ಶಾ ಹಾಡಿದ ರೆಕಾರ್ಡಿಂಗ್ ಬಂತು, ಹತ್ತು ಲಕ್ಷಕ್ಕೂ ಮೇಲೆ ಮಾರಾಟವಾಯಿತು, ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಪಾಪ್ ಗಾಯಕರ ನಡುವೆ ಆರನೆಯ ಸ್ಥಾನಕ್ಕೆ ಏರಿತು. ಎಲ್ಲರೂ ಇನ್ನೊಂದು ಇಂಥದ್ದು ಬರುತ್ತದೆ ಅಂತ ಕಾದರು. ಅವರು ಬರೆಯಲಿಲ್ಲ. ನನಗೆ ಈ ಹಟ ಇಷ್ಟ. 2010ರಲ್ಲಿ ಅವರು ತೀರಿಕೊಂಡಾಗ ನಾಲ್ಕನೆಯ ಸಿಂಫನಿ ಅರ್ಧಕ್ಕೇ ನಿಂತಿತ್ತು. ಅದನ್ನು ಮುಗಿಸಿದ್ದು ಮಗ ಮಿಕೊವಾಯ್.

ಮೂರನೆಯ ಭಾಗ ಒಂದು ಜನಪದ ಹಾಡು. ದಂಗೆಯಲ್ಲಿ ಸತ್ತ ಮಗ ಎಲ್ಲಿ ಬಿದ್ದಿದ್ದಾನೋ ತಾಯಿಗೆ ಗೊತ್ತಿಲ್ಲ. ಹಕ್ಕಿಗಳೇ, ಅವನಿಗಾಗಿ ಹಾಡಿ, ಹೂಗಳೇ, ಅವನ ಸುತ್ತ ಅರಳಿ, ಸುಖವಾಗಿ ಮಲಗಲಿ ಅನ್ನುತ್ತಾಳೆ. ಅಳಬೇಡ ಅನ್ನುವುದಕ್ಕೆ ಇಲ್ಲಿ ಯಾರೂ ಇಲ್ಲ.

ನಾನು ಅಲ್ಲಿಗೆ ಬಂದಿದ್ದೆ, ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತು, "ಆಗ್ಲಿಂದ ಕೂಗ್ತಿದ್ದೀನಿ, ಕಿವಿಗೇನು ತುರುಕ್ಕೊಂಡಿದ್ದೀಯೋ?" ಅಂದರು. ಒಂದನ್ನು ತೆಗೆದು ಅವರ ಕಿವಿಗಿಟ್ಟೆ. ಭಾಷೆ ಒಂದಕ್ಷರ ಗೊತ್ತಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಎರಡು ನಿಮಿಷ ಕೇಳಿ, "ಯಾರಂತೆ ಹೋಗಿದ್ದು?" ಅಂದರು.