ಮೊಸಳೆ ಬೋರ್ಡಿಗೆ ಯಾವ ಬಣ್ಣ?

ಫ್ಲೋರಿಡಾದಲ್ಲಿ ಮನೆ ಕೊಂಡವರಿಗೆ ಮೊಸಳೆಗಿಂತ ಜಾಸ್ತಿ ಭಯ ಬಡಾವಣೆಯ ಅಸೋಸಿಯೇಷನ್ನಿನದು. ಅಂಚೆ ಡಬ್ಬಿಗೆ ಯಾವ ಬಣ್ಣ, ಹುಲ್ಲು ಎಷ್ಟುದ್ದ, ಕಸದ ಡಬ್ಬ ಎಷ್ಟು ಹೊತ್ತಿಗೆ ಒಳಗೆ ಹೋಗಬೇಕು, ಎಲ್ಲದಕ್ಕೂ ಒಂದು ರೂಲು. ಅಂಥವರು ಕೊಳದ ದಡಕ್ಕೆ ಎಚ್ಚರಿಕೆ ಬೋರ್ಡು ಹಾಕಲು ಹೊರಟರೆ ನೋಡಬೇಕು ತಮಾಷೆ.

ಈ ಕೊಳಗಳು ತಾವಾಗಿ ಆದದ್ದಲ್ಲ, ತೋಡಿದ್ದು. ಅಲ್ಲಿ ನೆಲ ಸಪಾಟು, ಮಳೆ ಧೋ ಅಂತ ಸುರಿಯುತ್ತದೆ. 1982ರಲ್ಲಿ ಬಂದ ನಿಯಮದ ಪ್ರಕಾರ ಹೊಸ ಬಡಾವಣೆಯವರು ತಮ್ಮ ಮಳೆನೀರನ್ನು ಹಿಡಿದಿಟ್ಟು, ಕೊಳೆ ತಳಕ್ಕಿಳಿದ ಮೇಲೆ ಹೊರಬಿಡಬೇಕು. ಅದಕ್ಕೇ ಗುಂಡಿ. ತೆಗೆದ ಮಣ್ಣು ಮನೆಗಳ ಪಾಯ ಎತ್ತರಿಸಲು ಆಯಿತು. ನೀರು ತುಂಬಿದ ಮೇಲೆ ಗುಂಡಿಯೇ ‘ಲೇಕ್ ವ್ಯೂ’, ಬೆಲೆಯೂ ಮೇಲೆ. ಮೊಸಳೆಗೆ ಯಾರೂ ಕರೆಯೋಲೆ ಕೊಡುವುದಿಲ್ಲ, ತಾನೇ ನಡೆದು ಬರುತ್ತದೆ. ರಾಜ್ಯದಲ್ಲಿ ಸುಮಾರು 13 ಲಕ್ಷ ಇವೆ, ಅಲ್ಲಿನ ಜಿಲ್ಲೆಗಳಾದ 67 ಕೌಂಟಿಗಳಲ್ಲೂ.

ಬೋರ್ಡು ಬೇಕು ಅನ್ನುವುದರಲ್ಲಿ ತಕರಾರಿಲ್ಲ. 2016ರಲ್ಲಿ ಡಿಸ್ನಿ ವರ್ಲ್ಡಿನ ಕೊಳದಂಚಿನಲ್ಲಿ ಎರಡು ವರ್ಷದ ಮಗುವನ್ನು ಮೊಸಳೆ ಎಳೆದೊಯ್ದಿತ್ತು. ಅಲ್ಲಿ ‘ಈಜಬೇಡಿ’ ಎಂದು ಬರೆದಿತ್ತು, ಯಾಕೆ ಅಂತ ಬರೆದಿರಲಿಲ್ಲ. ಮೊಸಳೆ, ಹಾವು ಅಂತ ಹೆಸರು ಹಿಡಿದು ಹೇಳುವ ಬೋರ್ಡು ಬಂದದ್ದು ಆಮೇಲೆ. ಈಗ ಯಾವ ವಕೀಲರನ್ನು ಕೇಳಿದರೂ ಮೊದಲು ಬೋರ್ಡು ಹಾಕಿ ಅನ್ನುತ್ತಾರೆ. ನಿವಾಸಿಗಳೂ ಸರಿ ಅನ್ನುತ್ತಾರೆ, ಆದರೆ ಪಕ್ಕದ ಮನೆಯ ಹಿಂದೆ ಹಾಕಿ. ಮನೆ ನೋಡಲು ಬಂದ ಗಿರಾಕಿಗೆ ಕಿಟಕಿಯಿಂದ ಮೊದಲು ಕಾಣುವುದೇ ಬಾಯಿ ತೆರೆದ ಮೊಸಳೆ ಚಿತ್ರವಾದರೆ ಗತಿಯೇನು?

ನನ್ನ ಗೆಳತಿಯ ಬಡಾವಣೆಯಲ್ಲಿ ಜಾಗ ಹೇಗೋ ಇತ್ಯರ್ಥವಾಯಿತು, ಜಗಳ ನಿಂತದ್ದು ಬಣ್ಣದಲ್ಲಿ. ಹಳದಿ ಬೇಡವಂತೆ, ರಸ್ತೆ ರಿಪೇರಿ ನಡೆದಂತೆ ಕಾಣುತ್ತದಂತೆ. ಕೊನೆಗೆ ಬೀದಿದೀಪದ ಕಂಬಕ್ಕೆ ಹೊಂದುವ ಕಡುಹಸಿರು ಪಾಸಾಯಿತು. ಎತ್ತರ ಸೊಂಟದ ಮಟ್ಟ. ಅಪಾಯ ಇದೆ ಅಂತ ಹೇಳಬೇಕು, ಆದರೆ ಯಾರಿಗೂ ಕಾಣಬಾರದು, ಅಲ್ವಾ? ದಡದಲ್ಲಿ ಮಲಗಿದ ಮೊಸಳೆಯೂ ಹೆಚ್ಚುಕಮ್ಮಿ ಅದೇ ಬಣ್ಣ. ಹುಲ್ಲು ಎದ್ದರೆ ಎರಡೂ ಕಾಣುವುದಿಲ್ಲ. ಪುಣ್ಯಕ್ಕೆ ಹುಲ್ಲಿಗೆ ರೂಲಿದೆ.

ಮೈಸೂರಿನಿಂದ ಬಂದ ಅವಳ ಅಮ್ಮ ದಿನಾ ಸಂಜೆ ವಾಕಿಂಗ್ ಹೋಗುವುದು ಆ ಕೊಳದ ಸುತ್ತಲೇ. ಮೊಸಳೆಗೆ ಏನಾದರೂ ಹಾಕಿದರೆ ಅಪರಾಧ, ಹಾಗಾಗಿ ಉಳಿದ ಚಪಾತಿ ಕೈಚೀಲದಲ್ಲಿ ಒಯ್ಯಬೇಡಿ ಅಂತ ಮಗಳು ಮೊದಲೇ ಹೇಳಿಟ್ಟಿದ್ದಾಳೆ. ಬೋರ್ಡು ನೋಡಿದಿರಾ ಅಂತ ನಾನು ಕೇಳಿದೆ. “ಯಾವ ಬೋರ್ಡು? ಮೊಸಳೆ ನೋಡಿದೆ. ರಂಗನತಿಟ್ಟಲ್ಲಿ ಇದಕ್ಕೇ ದೋಣಿಗೆ ದುಡ್ಡು ಕೊಡ್ತೀವಿ, ಇಲ್ಲಿ ಪುಕ್ಕಟೆ” ಅಂದರು.